ಅರ್ಜಿಗೆ ನಾನೇಕೆ ಸಹಿ ಹಾಕಲಿಲ್ಲ

ನ್ಯೂಜೆರ್ಸಿಯ ನಮ್ಮ ಭಾನುವಾರದ ಕನ್ನಡ ಶಾಲೆಗೆ ಮಕ್ಕಳನ್ನು ಕರೆತರುವ ಎಲ್ಲ ಅಪ್ಪ-ಅಮ್ಮಂದಿರಿಗೆ,



ಹೋದ ಭಾನುವಾರ ಮಕ್ಕಳೆಲ್ಲ ಒಳಗೆ ಕೂತು ಒತ್ತಕ್ಷರ ತಿದ್ದುತ್ತಿದ್ದರು. ಹೊರಗೆ ಕಾರಿಡಾರಿನಲ್ಲಿ ನಾವು, ಫ್ಲಾಸ್ಕಿನ ಕಾಫಿ, ಚಕ್ಕುಲಿ ಡಬ್ಬಿ. ಆಗ ಒಂದು ಹಾಳೆ ಕೈಯಿಂದ ಕೈಗೆ ದಾಟುತ್ತಾ ನನ್ನ ಹತ್ತಿರ ಬಂತು. ನಮ್ಮಲ್ಲಿ ಹೆಚ್ಚಿನವರ ಮಕ್ಕಳು ಹೋಗುವ ಮಿಡ್ಲ್ ಸ್ಕೂಲಿಗೆ ಬರೆದ ಅರ್ಜಿ. ಎಂಟನೇ ಕ್ಲಾಸಿನಲ್ಲಿ ಅಮೆರಿಕದ ಆರಂಭದ ಇತಿಹಾಸಕ್ಕೆ ಇಡೀ ವರ್ಷ ಕೊಡುವುದು ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ, ಉಳಿದ ಹೊತ್ತನ್ನು ಗಣಿತಕ್ಕೆ ಕೊಡಿ ಅಂತ ಅದರ ಸಾರಾಂಶ. ಹದಿನೇಳು ಸಹಿ ಆಗಲೇ ಬಿದ್ದಿದ್ದವು. "ಮನೇಲಿ ಓದಿ ಹಾಕ್ತೀನಿ" ಅಂದು ಮಡಚಿ ಬ್ಯಾಗಿಗೆ ಸೇರಿಸಿಕೊಂಡೆ. ಓದಿದೆ, ಸಹಿ ಮಾತ್ರ ಹಾಕಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ "ಸಾರಿ" ಅಂತ ಒಂದು ಸಾಲು ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಹತ್ತು ವರ್ಷದಿಂದ ಒಬ್ಬರ ಮನೆಯ ಊಟ ಇನ್ನೊಬ್ಬರು ಉಂಡವರು ನಾವು, ಕಾರಣ ಹೇಳದೆ ಇದ್ದರೆ ಸರಿಹೋಗುವುದಿಲ್ಲ.

ಅವತ್ತು ಕಾರಿಡಾರಿನಲ್ಲಿ ಆಡಿದ ಮಾತೆಲ್ಲ ನೆನಪಿದೆ. "ವಾಷಿಂಗ್‌ಟನ್ ದೋಣಿ ಹತ್ತಿದ್ರೆ ನಮಗೇನ್ರೀ?" ಅಂದರು ಒಬ್ಬರು. "ಇವರದ್ದು ಎಲ್ಲಾ ಕೂಡಿಸಿದ್ರೆ ಇನ್ನೂರೈವತ್ತು ವರ್ಷ. ನಮ್ಮೂರ ದೇವಸ್ಥಾನದ ಮೆಟ್ಟಿಲಿಗೆ ಅದಕ್ಕಿಂತ ಜಾಸ್ತಿ ವಯಸ್ಸಾಗಿದೆ" ಅಂದರು ಇನ್ನೊಬ್ಬರು. ಎಲ್ಲರೂ ನಕ್ಕೆವು, ನಾನೂ ನಕ್ಕೆ. "ಇಲ್ಲಿ ಹುಟ್ಟಿ ಬೆಳೆದವರ ಮಕ್ಕಳಿಗೇ ಇದು ಬರಲ್ಲ" ಅಂತಲೂ ಯಾರೋ ಸೇರಿಸಿದರು. ಅದೇನೋ ನಿಜ. 2022ರಲ್ಲಿ ದೇಶಾದ್ಯಂತ ಎಂಟನೇ ಕ್ಲಾಸಿನವರಿಗೆ ನಡೆಸಿದ ಮೌಲ್ಯಮಾಪನದಲ್ಲಿ ಅಮೆರಿಕದ ಇತಿಹಾಸವನ್ನು ಚೆನ್ನಾಗಿ ಬಲ್ಲವರು ಅನ್ನಿಸಿಕೊಂಡ ಮಕ್ಕಳು ನೂರಕ್ಕೆ 13 ಮಾತ್ರ. ಪಕ್ಕದ ಮನೆಯವನಿಗೆ ಈಜು ಬರುವುದಿಲ್ಲ ಅಂತ ನಮ್ಮ ಮಗುವನ್ನು ನೀರಿನಿಂದ ಎಬ್ಬಿಸಿಕೊಂಡು ಬರುತ್ತೇವೆಯೇ?

ನಿಮ್ಮ ದೂರಿನಲ್ಲಿ ಹುರುಳಿಲ್ಲ ಅಂತ ನಾನು ಹೇಳುತ್ತಿಲ್ಲ. ರಾತ್ರಿ ಒಂಬತ್ತಕ್ಕೆ "ಅಮ್ಮಾ, ನಾಳೆ ಪೋಸ್ಟರ್ ಬೋರ್ಡ್ ಬೇಕು" ಅಂತ ಮಗು ನೆನಪು ಮಾಡಿಕೊಳ್ಳುವ ಸಂಕಟ ನನಗೂ ಗೊತ್ತು. ಹದಿಮೂರು ಕಾಲೊನಿಗಳ ನಕ್ಷೆಗೆ ಬಣ್ಣ ತುಂಬಿ, ಟೀ ಡಿಕಾಕ್ಷನ್ನಿನಲ್ಲಿ ಹಾಳೆ ಅದ್ದಿ, ಅಂಚು ಸುಟ್ಟು ಹಳೇ ಕಾಗದದ ಹಾಗೆ ಮಾಡುವುದರಲ್ಲಿ ಯಾವ ಇತಿಹಾಸವೂ ಇಲ್ಲ. ಅದನ್ನು ಕಡಿಮೆ ಮಾಡಿ ಅಂತ ಅರ್ಜಿ ಬರೆದರೆ ಮೊದಲ ಸಹಿ ನನ್ನದೇ. ನಮ್ಮ ಮನೆಯ ಸಿಂಕಿನಲ್ಲಿ ಆ ಮಸಿ ಇನ್ನೂ ಹೋಗಿಲ್ಲ.

ನಮ್ಮ ಕಥೆಯನ್ನೂ ನೋಡಿಕೊಳ್ಳೋಣ. ಸಿಟಿಜನ್‌ಶಿಪ್ ಪರೀಕ್ಷೆಗೆ ನಾವು ಓದಿದ್ದು ಹೇಗೆ? ನೂರು ಪ್ರಶ್ನೆ ಫೋನಿಗೆ ಇಳಿಸಿಕೊಂಡು, ಟ್ರೈನಿನಲ್ಲಿ ನ್ಯೂಯಾರ್ಕಿಗೆ ಹೋಗುವಾಗ ಬರುವಾಗ ಬಾಯಿಪಾಠ. ಆಗ ಹತ್ತು ಕೇಳುತ್ತಿದ್ದರು, ಆರು ಹೇಳಿದರೆ ಪಾಸಾಗುತ್ತಿತ್ತು. ಮೊದಲ ಹದಿಮೂರು ರಾಜ್ಯಗಳಲ್ಲಿ ಮೂರರ ಹೆಸರು ಹೇಳಿ ಅಂದರೆ "ನ್ಯೂಜೆರ್ಸಿ, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ": ಮೂರೂ ನಾವು ಟೋಲ್ ಕಟ್ಟುವ ಜಾಗಗಳು, ಮರೆಯುವುದು ಹೇಗೆ! ಪ್ರಮಾಣ ವಚನ ಮುಗಿಸಿ, ಕೈಯಲ್ಲಿ ಪುಟ್ಟ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡು ಬಂದ ಮರುವಾರಕ್ಕೆ ನನಗೆ ಹದಿಮೂರರಲ್ಲಿ ಎಂಟು ಹೇಳಲು ಬರುತ್ತಿರಲಿಲ್ಲ. ಮಂಡ್ಯದ ಹೈಸ್ಕೂಲಿನಲ್ಲಿ ನಾನು ಇತಿಹಾಸ ಕಲಿತದ್ದೂ ಹೀಗೇ. ಗೈಡು, ಇಸವಿ, "ಟಿಪ್ಪಣಿ ಬರೆಯಿರಿ". ಯಾರು ಹೇಳಿದರು, ಅವರಿಗೆ ಹೇಗೆ ಗೊತ್ತು ಅಂತ ಕೇಳಿದ್ದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಹೀಗಿದ್ದ ನನ್ನ ಮುಂದೆ ಅಕ್ಟೋಬರಿನ ಒಂದು ಸಂಜೆ ಮಗಳು ಒಂದು ಚಿತ್ರ ತಂದಿಟ್ಟಳು. 1770ರ ಮಾರ್ಚ್ 5ರಂದು ಬಾಸ್ಟನ್ನಿನ ಕಿಂಗ್ ಸ್ಟ್ರೀಟಿನಲ್ಲಿ ಬ್ರಿಟಿಷ್ ಸಿಪಾಯಿಗಳು ಗುಂಡು ಹಾರಿಸಿ ಐವರು ಸತ್ತರಲ್ಲ, ಅದಾಗಿ ಮೂರೇ ವಾರಕ್ಕೆ ಪಾಲ್ ರಿವಿಯರ್ ಕೆತ್ತಿ ಮಾರಿದ ಚಿತ್ರ. ಬಲಗಡೆ ಕೆಂಪು ಕೋಟಿನವರು ಕವಾಯತಿನ ಹಾಗೆ ಸಾಲಾಗಿ ನಿಂತಿದ್ದಾರೆ. ಹಿಂದೆ ಕ್ಯಾಪ್ಟನ್ ಪ್ರೆಸ್ಟನ್ ಕತ್ತಿ ಎತ್ತಿದ್ದಾನೆ. ಎಡಗಡೆ ನಿರಾಯುಧ ಜನ, ರಕ್ತ. ಮಧ್ಯದಲ್ಲಿ ಇದಕ್ಕೂ ತನಗೂ ಸಂಬಂಧವಿಲ್ಲ ಅನ್ನುವ ಹಾಗೆ ಒಂದು ನಾಯಿ. "ಪಾಪ" ಅಂದೆ ನಾನು. ಮಗಳು ಪೆನ್ಸಿಲಿನ ತುದಿಯಿಂದ ತೋರಿಸುತ್ತಾ ಹೋದಳು. "ನೋಡು, ಆಕಾಶ ನೀಲಿ. ಆದ್ರೆ ಇದು ನಡೆದಿದ್ದು ರಾತ್ರಿ. ನೆಲದಲ್ಲಿ ಹಿಮ ಇತ್ತು, ಇಲ್ಲಿಲ್ಲ. ಜನ ಐಸ್ ಗಡ್ಡೆ, ದೊಣ್ಣೆ ಎಸೀತಿದ್ರು ಅಂತ ಸಾಕ್ಷಿಗಳು ಹೇಳಿದಾರೆ, ಇಲ್ಲಿ ಯಾರ ಕೈಯಲ್ಲೂ ಏನೂ ಇಲ್ಲ. ಆ ಕಟ್ಟಡ ಕಸ್ಟಮ್ಸ್ ಆಫೀಸು. ಅದರ ಮೇಲೆ ಇವನು ಕಟುಕನ ಅಂಗಡಿ ಅಂತ ಬೋರ್ಡ್ ಬರೆದಿದಾನೆ." ಸತ್ತವರಲ್ಲಿ ಕ್ರಿಸ್ಪಸ್ ಆಟಕ್ಸ್ ಅನ್ನುವವನು ಆಫ್ರಿಕನ್ ಮತ್ತು ಮೂಲನಿವಾಸಿ ಮೂಲದವನು. ಚಿತ್ರದಲ್ಲಿ ಅವನನ್ನು ಹುಡುಕಿದರೆ ಸಿಗುವುದಿಲ್ಲ.

ಅವಳಿಗೆ ಕೊಟ್ಟಿದ್ದ ಕೆಲಸ ಇಷ್ಟೇ: ಈ ಚಿತ್ರವನ್ನೂ, ಕೋರ್ಟಿನಲ್ಲಿ ಜನ ಕೊಟ್ಟ ಎರಡು ಹೇಳಿಕೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವುದನ್ನು ಎಷ್ಟು ನಂಬುತ್ತೀಯ, ಯಾಕೆ ಅಂತ ಒಂದು ಪುಟ ಬರೆಯುವುದು. ಸರಿ ಉತ್ತರ ಅಂತ ಒಂದಿಲ್ಲ, ಅದೇ ನಮ್ಮಲ್ಲಿ ಕೆಲವರಿಗೆ ತಲೆನೋವು. ಆ ಸಿಪಾಯಿಗಳ ಪರವಾಗಿ ವಾದಿಸಿದ ವಕೀಲ ಯಾರು ಗೊತ್ತೇ? ಮುಂದೆ ದೇಶದ ಎರಡನೇ ಅಧ್ಯಕ್ಷನಾದ ಜಾನ್ ಆಡಮ್ಸ್. ಎಂಟು ಸಿಪಾಯಿಗಳಲ್ಲಿ ಆರು ಜನ ಖುಲಾಸೆಯಾದರು, ಇಬ್ಬರಿಗೆ ಹೆಬ್ಬೆರಳಿನ ಮೇಲೆ ಬರೆ. ಊರಿಗೆ ಊರೇ ಕುದಿಯುತ್ತಿದ್ದಾಗ, ತಾನೂ ಅದೇ ಊರಿನ ಕಡೆಯವನಾಗಿ, ಶತ್ರುವಿನ ಪರ ಕೋರ್ಟಿನಲ್ಲಿ ನಿಂತವನ ಬಗ್ಗೆ ಹದಿಮೂರು ವರ್ಷದ ಹುಡುಗಿ ಅಡುಗೆಮನೆಯಲ್ಲಿ ಅರ್ಧ ಗಂಟೆ ನನ್ನ ಜೊತೆ ಜಗಳವಾಡಿದಳು. ಕುಕ್ಕರು ಎಷ್ಟು ಕೂಗಿತು ಅಂತ ಇಬ್ಬರಿಗೂ ಲೆಕ್ಕ ತಪ್ಪಿ ಅವತ್ತು ಬೇಳೆ ಪಾಯಸವಾಯಿತು. ವಾಟ್ಸಾಪಿನಲ್ಲಿ ಬಂದದ್ದನ್ನೆಲ್ಲ "ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್" ಅಂತ ದಾಟಿಸುವ ನಾವು ಈ ಹೋಮ್‌ವರ್ಕನ್ನು ಅರ್ಧಕ್ಕೆ ಇಳಿಸಿ ಅಂತ ಕೇಳುತ್ತಿದ್ದೇವೆ.

ಮುಂದಿನ ವಾರ ನನ್ನ ಮರ್ಯಾದೆ ಹೋಯಿತು. ಬಾಸ್ಟನ್ ಟೀ ಪಾರ್ಟಿ ಪಾಠ. "ಇದು ನನಗೆ ಗೊತ್ತು ಬಿಡು" ಅಂದೆ. "ಈಸ್ಟ್ ಇಂಡಿಯಾ ಕಂಪನಿ ಟೀ. ನಮ್ಮ ಅಸ್ಸಾಮಿನ ಟೀ ಸಮುದ್ರಕ್ಕೆ ಸುರಿದರು ಪಾಪಿಗಳು." ಮಗಳು ಅದನ್ನೇ ಕ್ಲಾಸಿನಲ್ಲಿ ಹೇಳಿಬಂದಳು. ಸಂಜೆ ಮುಖ ಊದಿಸಿಕೊಂಡು ಬಂದಳು. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗಿನಿಂದ ನೀರಿಗೆ ಬಿದ್ದ 342 ಪೆಟ್ಟಿಗೆಯಲ್ಲಿ ಇದ್ದದ್ದೆಲ್ಲ ಚೀನಾದ ಟೀ. ಅಸ್ಸಾಮಿನಲ್ಲಿ ಟೀ ತೋಟ ಶುರುವಾಗಿದ್ದು ಅದಾಗಿ ಅರವತ್ತು ವರ್ಷದ ಮೇಲೆ. ಕ್ಷಮೆ ಕೇಳಿ, ಇಬ್ಬರೂ ಕೂತು ಓದಿದೆವು. ಓದಿದಾಗ ನಿಜವಾದ ನಂಟು ಬೇರೆ ಕಡೆ ಸಿಕ್ಕಿತು. ಆ ಹೊತ್ತಿಗೆ ಕಂಪನಿ ಸಾಲದಲ್ಲಿ ಮುಳುಗಿತ್ತು. ಬಂಗಾಳದಲ್ಲಿ 1770ರ ಭೀಕರ ಬರ, ಅದರ ನಡುವೆಯೂ ಕಂದಾಯ ವಸೂಲಿ, ಲಂಡನ್ನಿನ ಗೋದಾಮುಗಳಲ್ಲಿ ಮಾರಾಟವಾಗದೆ ಕೂತ ಟೀ. ಕಂಪನಿಯನ್ನು ಉಳಿಸಲು ಪಾರ್ಲಿಮೆಂಟು ಆ ಟೀಯನ್ನು ಅಮೆರಿಕದ ಕಾಲೊನಿಗಳಿಗೆ ಅಗ್ಗವಾಗಿ ಸಾಗಹಾಕುವ ಕಾಯ್ದೆ ತಂದಿತು. ಬೆಲೆ ಇಳಿದಿತ್ತು, ತೆರಿಗೆ ಉಳಿದಿತ್ತು. ಬಂಗಾಳದಲ್ಲಿ ಕಂಪನಿ ಏನು ಮಾಡಿತು ಅನ್ನುವುದು ಇಲ್ಲಿಯವರಿಗೂ ಆಗಲೇ ತಿಳಿದಿತ್ತು. ಪೆನ್ಸಿಲ್ವೇನಿಯಾದ ಜಾನ್ ಡಿಕಿನ್ಸನ್ ಅದನ್ನೇ ಎತ್ತಿ ತೋರಿಸಿ ಜನರನ್ನು ಎಚ್ಚರಿಸಿದ್ದ.

ಯಾರ್ಕ್‌ಟೌನ್ ಪಾಠ ಬಂದಾಗ ನಾನು ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸಿದೆ. 1781ರ ಅಕ್ಟೋಬರ್ 19. ಬ್ರಿಟಿಷ್ ಸೇನೆ ಶರಣಾಗುತ್ತದೆ. ಸೇನಾಪತಿ ಮೈ ಸರಿಯಿಲ್ಲ ಅಂತ ಬಿಡಾರದಲ್ಲೇ ಉಳಿದು, ಕತ್ತಿ ಒಪ್ಪಿಸಲು ಕೈಕೆಳಗಿನ ಓ'ಹಾರಾನನ್ನು ಕಳಿಸುತ್ತಾನೆ. ಸೇನಾಪತಿಯ ಹೆಸರು ಲಾರ್ಡ್ ಕಾರ್ನ್‌ವಾಲಿಸ್. ಮಂಡ್ಯ ಜಿಲ್ಲೆಯಲ್ಲಿ ಬೆಳೆದವಳಿಗೆ ಆ ಹೆಸರು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಸ್ಕೂಲಿನಿಂದ ವರ್ಷ ಬಿಟ್ಟು ವರ್ಷ ಶ್ರೀರಂಗಪಟ್ಟಣಕ್ಕೇ ಟೂರು ನಮಗೆ. ಐದು ವರ್ಷದಲ್ಲಿ ಅದೇ ಮನುಷ್ಯ ಗವರ್ನರ್ ಜನರಲ್ ಆಗಿ ಇಂಡಿಯಾಕ್ಕೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಒಡೆದ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡು, ಇಬ್ಬರು ಎಳೆಯ ಗಂಡುಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ. ಕೃಷ್ಣರಾಜ ಮಾರುಕಟ್ಟೆಯ ಹತ್ತಿರದ ಕೋಟೆ ಗೋಡೆಯಲ್ಲಿ, ಬ್ರಿಟಿಷರು ನುಗ್ಗಿದ್ದು ಇಲ್ಲಿಂದ ಅಂತ ಬರೆದ ಫಲಕವಿದೆಯಲ್ಲ, ಅದರ ಫೋಟೋ ತೋರಿಸಿದೆ. ಮಗಳು ಪುಸ್ತಕ ನೋಡಿದಳು, ಫೋಟೋ ನೋಡಿದಳು. "ಇದೇ ಮನುಷ್ಯಾನಾ? ಇಲ್ಲಿ ಸೋತವನು ಅಲ್ಲಿ ಬಂದು ಗೆದ್ನಾ?" ಅವಳ ಪುಸ್ತಕದಲ್ಲಿ ಅವನು ಯಾರ್ಕ್‌ಟೌನಿನಲ್ಲಿ ಮಾಯವಾಗುತ್ತಾನೆ. ನನ್ನ ಪುಸ್ತಕದಲ್ಲಿ ಅವನು ಎಲ್ಲಿಂದಲೋ ಉದುರಿ ಬಂದಿದ್ದ. ಎರಡನ್ನೂ ಹೊಲಿದದ್ದು ನಮ್ಮ ಊಟದ ಮೇಜು.

ಇನ್ನೊಂದು ಚೂರು, ಬೇಸಿಗೆಯಲ್ಲಿ ಕೇಪ್ ಮೇ ಬೀಚಿಗೆ ಹೋಗುವವರಿಗಾಗಿ. ಅಲ್ಲೇ ಡೆಲವೇರ್ ಕೊಲ್ಲಿಯಲ್ಲಿ 1782ರ ಏಪ್ರಿಲ್ 8ರಂದು ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಹಿಡಿದುಹಾಕಿತು. ಗೆದ್ದ ಹಡಗಿನ ಹೆಸರು 'ಹೈದರ್ ಅಲಿ'. ಬ್ರಿಟಿಷರಿಗೆ ನೀರು ಕುಡಿಸಿದವನು ಅಂತ ನಮ್ಮ ಮೈಸೂರಿನ ನವಾಬನ ಹೆಸರನ್ನೇ ಇಟ್ಟಿದ್ದರು. ನಮ್ಮ ಮಕ್ಕಳು ಅದೇ ನೀರಿನ ದಂಡೆಯಲ್ಲಿ ಮರಳಿನ ಮನೆ ಕಟ್ಟಿ ಬಂದಿದ್ದಾರೆ.

ಇಂಥ ನಂಟು ಸಿಕ್ಕಾಗ ಖುಷಿ, ಆದರೆ ನಮ್ಮೂರಿನ ಹೆಸರು ಬಂದ ಪಾಠ ಮಾತ್ರ ನಮ್ಮದು ಅಂದುಕೊಂಡರೆ ಮೋಸಹೋಗುತ್ತೇವೆ. ಅರ್ಜಿಯಲ್ಲಿ ಗಣಿತ ಬೇಕು ಅಂತ ಕೇಳಿದ್ದೀರಲ್ಲ, ಈ ವರ್ಷ ನಮ್ಮ ಮನೆಯಲ್ಲಿ ನಡೆದ ಅತ್ಯಂತ ಗಂಭೀರವಾದ ಲೆಕ್ಕ ಸೋಶಿಯಲ್ ಸ್ಟಡೀಸಿನದು.

1787ರ ಬೇಸಿಗೆ, ಫಿಲಡೆಲ್ಫಿಯಾ. ಮಾತು ಹೊರಗೆ ಹೋಗಬಾರದೆಂದು ಆ ಸೆಖೆಯಲ್ಲೂ ಬಾಗಿಲು ಕಿಟಕಿ ಮುಚ್ಚಿಕೊಂಡು ಸಂವಿಧಾನ ಬರೆಯುತ್ತಿದ್ದರು. ಕ್ಲಾಸಿನಲ್ಲಿ ಅದನ್ನೇ ಆಡಿಸಿದರು. ಒಬ್ಬೊಬ್ಬರಿಗೂ ಒಂದೊಂದು ರಾಜ್ಯ, ಮಗಳಿಗೆ ನಮ್ಮ ನ್ಯೂಜೆರ್ಸಿ. ದೊಡ್ಡ ರಾಜ್ಯದವರು ಜನಸಂಖ್ಯೆಯ ಪ್ರಕಾರ ಸೀಟು ಕೇಳಿದರೆ, ನ್ಯೂಜೆರ್ಸಿಯ ವಿಲಿಯಂ ಪ್ಯಾಟರ್ಸನ್ ರಾಜ್ಯಕ್ಕೊಂದೇ ಓಟು ಅಂತ ಹಠ ಹಿಡಿದ. ನಮ್ಮ ಪ್ಯಾಟರ್ಸನ್ ಊರಿಗೆ ಅವನದೇ ಹೆಸರು. ಆಮೇಲೆ ಬಂತು ದೊಡ್ಡ ಪ್ರಶ್ನೆ: ಸೀಟಿನ ಲೆಕ್ಕಕ್ಕೆ ಗುಲಾಮರನ್ನು ಎಣಿಸುವುದೋ ಬೇಡವೋ? ಐದು ಜನರನ್ನು ಮೂವರು ಅಂತ ಎಣಿಸುವುದಾಗಿ ತೀರ್ಮಾನವಾಯಿತು. "ಛೆ, ಮನುಷ್ಯರನ್ನು ಪೂರ್ತಿ ಎಣಿಸಬಾರದಿತ್ತಾ" ಅಂದೆ. ಮಗಳು ತಲೆಯಾಡಿಸಿದಳು. "ಇಲ್ಲಮ್ಮ. ಸೊನ್ನೆ ಎಣಿಸಬೇಕಿತ್ತು. ಅವರಿಗೆ ಓಟಿಲ್ಲ. ಎಣಿಸಿದಷ್ಟೂ ಅವರ ಯಜಮಾನರಿಗೇ ಸೀಟು." ಇಷ್ಟು ವರ್ಷ ನಾನು ಆ ಭಿನ್ನರಾಶಿಯನ್ನು ತಲೆಕೆಳಗಾಗಿ ಓದಿಕೊಂಡಿದ್ದೆ.

ನನಗೆ ನಂಬಿಕೆ ಬರಲಿ ಅಂತ ಅವಳು ಲೆಕ್ಕ ಹಾಕಿ ತೋರಿಸಿದಳು. 1790ರ ಜನಗಣತಿಯಲ್ಲಿ ವರ್ಜೀನಿಯಾದ ಗುಲಾಮರು 2,92,627. ಐದರಲ್ಲಿ ಮೂರು ಪಾಲು ಅಂದರೆ 1,75,576. ಉಳಿದವರು 4,54,983. ಆಗ 33,000 ಜನಕ್ಕೆ ಒಂದು ಸೀಟು. ಗುಲಾಮರನ್ನು ಸೇರಿಸಿ ಭಾಗಿಸಿದರೆ 19, ಬಿಟ್ಟು ಭಾಗಿಸಿದರೆ 13. ಕಾಂಗ್ರೆಸ್ಸಿನಲ್ಲಿ ವರ್ಜೀನಿಯಾಕ್ಕೆ ಸಿಕ್ಕಿದ್ದೂ 19. ಅಧ್ಯಕ್ಷರನ್ನು ಆರಿಸುವ ಓಟಿನ ಲೆಕ್ಕಕ್ಕೂ ಅದೇ ಸೀಟು ಆಧಾರ. ಆರು ಸೀಟಿನ ವ್ಯತ್ಯಾಸದ ಸುತ್ತ ಅವಳು ಪೆನ್ಸಿಲಿನಲ್ಲಿ ಎರಡೆರಡು ಸಲ ಗೋಲ ಹಾಕಿದಳು. ಆಮೇಲೆ ಸಂವಿಧಾನದ ಮೂಲ ಪಠ್ಯವನ್ನು ಕ್ರೋಮ್‌ಬುಕ್ಕಿನಲ್ಲಿ ತೆರೆದು 'ಗುಲಾಮ' ಅನ್ನುವ ಪದ ಹುಡುಕಿದಳು. ಒಂದೂ ಇಲ್ಲ. "ಇತರ ವ್ಯಕ್ತಿಗಳು" ಅಂತಷ್ಟೇ ಬರೆದಿದ್ದಾರೆ. "ನಾಚಿಕೆ ಆಗಿತ್ತಾ ಅವರಿಗೆ?" ಅಂತ ಕೇಳಿದಳು. ಇಂಥ ಪಾಠ ಮಕ್ಕಳ ಮನಸ್ಸಿಗೆ ಭಾರ ಅಂತ ನಿಮ್ಮಲ್ಲಿ ಇಬ್ಬರು ಹೇಳಿದಿರಿ. ಭಾರವೇ. ಅದೆಲ್ಲ ತೆಂಕಣ ರಾಜ್ಯಗಳ ಪಾಪ ಅಂತಲೂ ತಿಳಿಯಬೇಡಿ. ಅದೇ ಗಣತಿಯಲ್ಲಿ ನಮ್ಮ ನ್ಯೂಜೆರ್ಸಿಯಲ್ಲೂ 11,423 ಗುಲಾಮರಿದ್ದರು.

ಇದೇ ನ್ಯೂಜೆರ್ಸಿಯಲ್ಲಿ 1776ರಿಂದ 1807ರವರೆಗೆ ಐವತ್ತು ಪೌಂಡಿನ ಆಸ್ತಿಯಿದ್ದ ಹೆಂಗಸರು ಓಟು ಹಾಕುತ್ತಿದ್ದರು! ಹೆಚ್ಚಾಗಿ ವಿಧವೆಯರು, ಮದುವೆಯಾಗದವರು, ಏಕೆಂದರೆ ಮದುವೆಯಾದರೆ ಆಸ್ತಿ ಗಂಡನದು. ಆಮೇಲೆ ಆ ಹಕ್ಕನ್ನು ಕಿತ್ತುಕೊಂಡು ಬಿಳಿಯ ಗಂಡಸರಿಗೆ ಮಾತ್ರ ಉಳಿಸಿದರು. ಸ್ಕೂಲ್ ಡಿಸ್ಟ್ರಿಕ್ಟ್ ಚೆನ್ನಾಗಿದೆ ಅಂತ ನಮ್ಮಲ್ಲಿ ಎಷ್ಟೋ ಜನ ಸಾಲ ಮಾಡಿ ಮನೆ ಕೊಂಡ ಮಾಂಟ್ಗೋಮರಿಯ 1801ರ ಮತದಾರರ ಪಟ್ಟಿಯಲ್ಲಿ ಹೆಂಗಸರ ಹೆಸರುಗಳು ಸಿಕ್ಕಿವೆ. ಇನ್ನು ರಾರಿಟನ್, ಪಸೈಕ್, ಹ್ಯಾಕನ್‌ಸ್ಯಾಕ್ ಅಂತ ದಿನಾ ಜಿಪಿಎಸ್ಸಿನಲ್ಲಿ ಕೇಳುವ ಹೆಸರುಗಳೆಲ್ಲ ಲೆನಾಪೆ ಜನರ ಭಾಷೆಯವು. ಜನವನ್ನು ಪಡುವಣಕ್ಕೆ ಅಟ್ಟಿ ಹೆಸರನ್ನು ಇಟ್ಟುಕೊಂಡರು.

ಮೂಲನಿವಾಸಿಗಳ ಪಾಠ ನಡೆಯುವಾಗ ಒಬ್ಬ ಹುಡುಗ ಮಗಳನ್ನು "ನೀನು ಯಾವ ಟ್ರೈಬು?" ಅಂತ ಕೇಳಿದ್ದನಂತೆ. ಸಂಜೆ ಅತ್ತಳು. ನಿಮ್ಮ ಮನೆಗಳಲ್ಲೂ ಇದು ಆಗಿರುತ್ತದೆ. ಕೊಲಂಬಸ್ ದಾರಿ ತಪ್ಪಿದ್ದಕ್ಕೆ ನಮ್ಮ ಮಕ್ಕಳು ಇವತ್ತಿಗೂ ಉತ್ತರ ಹೇಳಿಕೊಂಡು ಓಡಾಡಬೇಕು. ಆದರೆ ಅವತ್ತು ಅವಳು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. "ಈ ಪುಸ್ತಕದಲ್ಲಿ ನಾವೆಲ್ಲಿದೀವಿ?"

ಉತ್ತರ ಸಿಕ್ಕಿದ್ದು ಫೆಬ್ರವರಿಯಲ್ಲಿ, ವಾಷಿಂಗ್‌ಟನ್ ಅಧ್ಯಕ್ಷನಾದ ಮೇಲಿನ ಪಾಠದಲ್ಲಿ. 1790ರ ಮಾರ್ಚಿನಲ್ಲಿ ಈ ದೇಶ ಪೌರತ್ವದ ಮೊದಲ ಕಾಯ್ದೆ ಮಾಡಿತು. ಹೊರಗಿನಿಂದ ಬಂದ ಯಾರು ನಾಗರಿಕರಾಗಬಹುದು? ಸ್ವತಂತ್ರರಾದ ಬಿಳಿಯರು, ಎರಡು ವರ್ಷ ಇಲ್ಲಿ ನೆಲೆಸಿದವರು, ಒಳ್ಳೆಯ ನಡತೆಯವರು. ಮೊದಲ ಷರತ್ತಿನಲ್ಲೇ ನಾವು ಹೊರಗೆ. ಆ ಒಂದು ಪದ ನೂರೈವತ್ತು ವರ್ಷ ನಮ್ಮವರನ್ನು ಕಾಡಿತು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ ಭಗತ್ ಸಿಂಗ್ ಥಿಂದ್ ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರಲ್ಲಿ ಕೋರ್ಟು, ಸಾಮಾನ್ಯ ಜನರ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ ಅಂದಿತು. ಆಗಲೇ ಪೌರರಾಗಿದ್ದ ಹಲವರ ಪೌರತ್ವವೂ ಹೋಯಿತು. ಬಾಗಿಲು ಬಿರುಕು ಬಿಟ್ಟಿದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನಕ್ಕೆ. ನಮ್ಮಂಥವರು ದಂಡಿಯಾಗಿ ಬರಲು ದಾರಿಯಾದದ್ದು 1965ರ ಕಾಯ್ದೆಯಿಂದ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಹುಟ್ಟಿನಿಂದಲೇ ಪೌರರಾಗಿರುವುದು ಗುಲಾಮಗಿರಿಯಿಂದ ಬಿಡುಗಡೆಯಾದವರಿಗಾಗಿ 1868ರಲ್ಲಿ ತಂದ ಹದಿನಾಲ್ಕನೇ ತಿದ್ದುಪಡಿಯಿಂದ. ಅವರ ನೋವಿನ ಪಾಠ ಭಾರ ಅಂತ ಪುಟ ಮಗುಚುವ ಹೊತ್ತಿಗೆ ಇದನ್ನು ಸ್ವಲ್ಪ ಜ್ಞಾಪಿಸಿಕೊಳ್ಳಿ.

ನನ್ನ ಸರ್ಟಿಫಿಕೇಟನ್ನು ಬೀರುವಿನಿಂದ ತೆಗೆದು ಮಗಳ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಒಂದು ಪದ ತೆಗೆಯೋಕೆ ಇಷ್ಟು ವರ್ಷ ಬೇಕಾಯ್ತಾ?" ಅಂದಳು. ಊಟ ಮಾಡಿ ಮಲಗಿದಳು. ನಾನು ಆ ಸರ್ಟಿಫಿಕೇಟನ್ನು ಮೊದಲ ಸಲ ಪೂರ್ತಿ ಓದಿದೆ.

ಈ ರಾಜ್ಯದ ಶಾಲೆಗಳಲ್ಲಿ ಏಷ್ಯಾದಿಂದ ಬಂದವರ ಇತಿಹಾಸವನ್ನೂ ಕಲಿಸಬೇಕೆಂದು 2022ರ ಜನವರಿಯಲ್ಲಿ ಕಾಯ್ದೆಯಾಗಿದೆ. ಥಿಂದ್ ಕಥೆಯನ್ನು ಯಾವ ಕ್ಲಾಸಿನಲ್ಲಿ ಹೇಗೆ ಹೇಳುತ್ತೀರಿ, ನಾವು ಬಂದು ಏನಾದರೂ ಹೇಳಬಹುದೇ ಅಂತ ಸ್ಕೂಲನ್ನು ಕೇಳೋಣ ಅಂದರೆ ನಾನು ತಯಾರು. ಪೋಸ್ಟರ್ ಬೋರ್ಡಿನ ವಿರುದ್ಧದ ಅರ್ಜಿಗೂ ತಯಾರು. ಮುಂದಿನ ಭಾನುವಾರ ರಿವಿಯರ್ ಚಿತ್ರದ ಹತ್ತು ಪ್ರತಿ ತರುತ್ತೇನೆ. ಮಕ್ಕಳು ಒಳಗಿರುವಾಗ ನಾವೇ ಕಾರಿಡಾರಿನಲ್ಲಿ ಕೂತು ನೋಡೋಣ. ನಾಯಿ ಯಾಕಿದೆ ಅಂತ ಯಾರಾದರೂ ಹೇಳಿದರೆ ಅವರಿಗೆ ಕೋಡುಬಳೆ.

ಕೊನೆಗೊಂದು ತಪ್ಪೊಪ್ಪಿಗೆ. ನೀವು ಕೊಟ್ಟ ಅರ್ಜಿಯನ್ನು ಹಾಗೇ ಹಿಂತಿರುಗಿಸಲು ಆಗುವುದಿಲ್ಲ. ಅದನ್ನು ಮನೆಗೆ ತಂದ ರಾತ್ರಿ ಮಗಳಿಗೆ ಖಾಲಿ ಹಾಳೆ ಕೈಗೆ ಸಿಗದೆ, ಮೇಜಿನ ಮೇಲಿದ್ದ ಅದನ್ನೇ ಮಗುಚಿ ವರ್ಜೀನಿಯಾದ ಭಾಗಾಕಾರವನ್ನು ಇನ್ನೊಮ್ಮೆ ಮಾಡಿದ್ದಾಳೆ. ಒಂದು ಕಡೆ ನಿಮ್ಮ ಹದಿನೇಳು ಸಹಿ, ಇನ್ನೊಂದು ಕಡೆ ಹತ್ತೊಂಬತ್ತು ಸೀಟು, ನಡುವೆ ಸ್ವಲ್ಪ ಸಾರಿನ ಕಲೆ. ಹೊಸ ಪ್ರತಿ ಬೇಕಾದರೆ ಹೇಳಿ, ಪ್ರಿಂಟ್ ತೆಗೆದು ತರುತ್ತೇನೆ.

ಇಂತಿ ನಿಮ್ಮವಳೇ,
ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಅಮ್ಮ